ಮಿಷನ್ ಸೊನ್ನೆ ತೋರಿಸಿದ ದಿನ

ಅವತ್ತು ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಶಿರಾ ಬಿಟ್ಟ ಕೊರಟಗೆರೆ ಬಸ್ಸು ಬಡವನಹಳ್ಳಿಯಲ್ಲಿ ನಿಲ್ಲಲೇ ಇಲ್ಲ. ಕಂಡಕ್ಟರ್ ಬೈರಪ್ಪ ನಿಲ್ಲಿಸಲು ಸೀಟಿ ಊದಿದ. ಇಳಿಯಬೇಕಾದವರು ಬಾಗಿಲಲ್ಲಿ ನಿಂತು ಕೂಗಿದರು. ಡ್ರೈವರ್ ರಂಗೇಶ್ ಕನ್ನಡಿಯಲ್ಲಿ ಒಮ್ಮೆ ಅವರನ್ನೆಲ್ಲ ನೋಡಿದ, ಏನನ್ನೋ ಜ್ಞಾಪಿಸಿಕೊಳ್ಳುವವನ ಹಾಗೆ ಹುಬ್ಬು ಗಂಟಿಕ್ಕಿದ, ಬಸ್ಸನ್ನು ಮುಂದಕ್ಕೇ ಬಿಟ್ಟ. ಬಡವನಹಳ್ಳಿ ಅವನ ಸ್ವಂತ ಊರು. ಇಪ್ಪತ್ತೆರಡು ವರ್ಷದಿಂದ ಅದೇ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದವನು.

"ಲೇ ರಂಗಾ, ಹೋಲ್ಡಾನ್ ಕಣ್ಲಾ! ನಿಮ್ಮೂರೇ ದಾಟ್ಬುಟ್ಯಲ್ಲೋ!" ಬೈರಪ್ಪ ಕಂಬಿ ಹಿಡಿದುಕೊಂಡು ಮುಂದಕ್ಕೆ ಓಡಿದ.

ಊರಾಚೆಯ ತಿರುವಿನಲ್ಲಿ ರಂಗೇಶನ ಎರಡೂ ಕೈ ಸ್ಟೀರಿಂಗಿನಿಂದ ಒಮ್ಮೆಲೇ ಜೋತುಬಿದ್ದವು. ಅರೆಕ್ಷಣವಷ್ಟೇ. ಮತ್ತೆ ಹಿಡಿದ, ಮತ್ತೆ ಜೋತುಬಿದ್ದವು. ಬಸ್ಸು ರಸ್ತೆ ಬಿಟ್ಟು ಎಡಕ್ಕೆ ಎಳೆಯಿತು. ಮಧುಗಿರಿ ಕಾಲೇಜಿಗೆ ಹೊರಟಿದ್ದ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಚೀರಿದರು. ಬೈರಪ್ಪ ಡ್ರೈವರ್ ಸೀಟಿನ ಹಿಂದಿನಿಂದಲೇ ಕೈಚಾಚಿ ಸ್ಟೀರಿಂಗನ್ನು ಬಲಕ್ಕೆ ಎಳೆದ. ಕಾಲಿಗೆ ಅಷ್ಟಾದರೂ ಅಭ್ಯಾಸ ಉಳಿದಿತ್ತೋ ಏನೋ, ರಂಗೇಶ್ ಬ್ರೇಕು ತುಳಿದ. ಬಸ್ಸು ನಿಂತಾಗ ಮುಂದಿನ ಗಾಜಿಗೂ ಹುಣಸೆಮರಕ್ಕೂ ನಡುವೆ ಒಂದು ಮಾರು ಜಾಗವಿತ್ತು.

ಆಮೇಲೆ ಹಿಂದಿನ ಸೀಟಿನಿಂದ ಯಾರೋ ಅಂದರು, "ಕುಡ್ದವ್ನೆ ಬಡ್ಡಿಮಗ!"

ಆ ಮಾತು ಬಸ್ಸಿನ ತುಂಬ ಹರಡಿತು. ಕೆಳಗಿಳಿದ ಗಂಡಸರು ರಂಗೇಶನನ್ನು ಅಂಗಿ ಹಿಡಿದು ಇಳಿಸಿದರು. ಅವನು, "ಟಿಕೆಟ್ ಆಯ್ತಾ ಎಲ್ರುದೂ?" ಅಂತ ಅಂಗಿ ಹಿಡಿದವನನ್ನೇ ಕೇಳಿದ. ಮಾತು ನಾಲಿಗೆಗೆ ಅಂಟಿಕೊಂಡಿತ್ತು. ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು ಬಂತು. ಬಾಯಿಗೆ ಮಿಷನ್ ಇಟ್ಟು ಊದಿಸಿದರು. ಸೊನ್ನೆ ತೋರಿಸಿತು. ಇನ್ನೊಂದು ಸಲ ಊದಿಸಿದರು. ಆಗಲೂ ಸೊನ್ನೆ.

"ಮಿಷನ್ ಕೆಟ್ಟೋಗೈತೆ" ಅಂದರು ಜನ. "ಇಲ್ಲ, ಗಾಂಜಾ ಇರ್ಬೇಕು. ಅದು ಇದ್ರಾಗೆ ತೋರ್ಸಲ್ಲ."

ಬಸ್ಸಿನ ಮಾಲೀಕರು ಮಧುಗಿರಿಯ ಶಂಕರಲಿಂಗಪ್ಪ. ಬೈರಪ್ಪ ಫೋನ್ ಮಾಡಿದಾಗ ಅವರು ಹೆಚ್ಚು ಮಾತಾಡಲಿಲ್ಲ. "ಕೀ ತಗೊಳ್ಳಿ. ಅವನನ್ನ ಮನೆಗೆ ಬಿಟ್ಟು ಬನ್ನಿ. ಬಸ್ ಓಡ್ಸೋಕೆ ಕುಮಾರಸ್ವಾಮೀನ ಕಳಿಸ್ತೀನಿ" ಅಂದು ಇಟ್ಟರು.

ರಂಗೇಶನ ಹೆಂಡತಿ ಗಂಗಲಕ್ಷ್ಮಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಆಗ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಬೈರಪ್ಪ ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತಾಗಲೇ ಅವಳಿಗೆ ತಿಳಿಯಿತು. ಏಳು ವರ್ಷದ ಹಿಂದೆ ಎಷ್ಟೋ ಸಲ ಅವನು ಹೀಗೇ ಬಂದು ನಿಂತಿದ್ದ, ಇದೇ ಮುಖ ಮಾಡಿಕೊಂಡು.

"ಮನೇಲಿ ಬಿಟ್ಟಿದೀನಿ ಕಣಮ್ಮ" ಅಂದ. "ನೀನು ಬಂದ್ಬುಡು."

ಅವಳು ಸೌಟನ್ನು ಜೊತೆಯವಳ ಕೈಗೆ ಕೊಟ್ಟು ಅವನ ಹಿಂದೆ ಹೊರಟಳು. ಅಳು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸಿಟ್ಟು.

ರಂಗೇಶ್ ಮೊದಲು ಕುಡಿಯುತ್ತಿದ್ದ, ಅದೂ ಚೆನ್ನಾಗಿಯೇ. ಡ್ಯೂಟಿ ಮುಗಿದ ಮೇಲೆ ಶುರುವಾದರೆ ಬೀದಿಯಲ್ಲಿ ಬಿದ್ದ ಮೇಲೇ ಮುಗಿಯುತ್ತಿತ್ತು. ಏಳು ವರ್ಷದ ಹಿಂದೆ ಗಂಗಲಕ್ಷ್ಮಮ್ಮ ಮಗಳನ್ನು ಕರೆದುಕೊಂಡು ವೈ.ಎನ್.ಹೊಸಕೋಟೆ ಹತ್ತಿರದ ತವರಿಗೆ ಹೋಗಿ ಕೂತುಬಿಟ್ಟಿದ್ದಳು. ನಲವತ್ತು ದಿನ ಆದ ಮೇಲೆ ಅವನು ಬಂದ. ಅತ್ತೆಯ ಮುಂದೆ ಮಗಳ ತಲೆ ಮುಟ್ಟಿ ಆಣೆ ಮಾಡಿದ. "ಇಂಕ ಚಾಲು ಅಲ್ಲುಡೂ, ಸಾಕಿನ್ನು ಅಳಿಯಾ, ಇನ್ನೊಂದ್ಸಲ ಆದ್ರೆ ಮಗಳನ್ನ ಕಳಿಸಾಕಿಲ್ಲ" ಅಂದಿದ್ದಳು ಅತ್ತೆ. ಅಲ್ಲಿಂದ ಇಲ್ಲಿವರೆಗೆ ಅವನು ಒಂದು ಹನಿ ಮುಟ್ಟಿರಲಿಲ್ಲ. ಮುಟ್ಟಿರಲಿಲ್ಲ ಅಂತ ಅವಳು ನಂಬಿದ್ದಳು.

ಒಂದು ತಿಂಗಳಿಂದ ಆ ನಂಬಿಕೆ ಸಡಿಲವಾಗುತ್ತಿತ್ತು. ರಾತ್ರಿ ನಿದ್ದೆ ಬರದೆ ಓಡಾಡುತ್ತಿದ್ದ, ಹಗಲು ಕೂತಲ್ಲೇ ತೂಗುತ್ತಿದ್ದ. ಸಣ್ಣದಕ್ಕೆಲ್ಲ ರೇಗುತ್ತಿದ್ದ. ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದು ಖಾಲಿ ಮಾಡಿದ್ದ. ಒಂದು ದಿನ ಪ್ಯಾಂಟಿನ ಮೇಲೆ ಪಂಚೆ ಉಟ್ಟುಕೊಂಡು ಡ್ಯೂಟಿಗೆ ಹೊರಟಿದ್ದ. ಅವಳು ಸಿಲಿಂಡರಿನ ಹಿಂದೆ, ಅಟ್ಟದ ಮೇಲೆ, ನೀರಿನ ತೊಟ್ಟಿಯ ಪಕ್ಕ ಬಾಟಲಿ ಹುಡುಕಿದ್ದಳು. ಸಿಕ್ಕಿರಲಿಲ್ಲ. ಸಿಗದೆ ಇದ್ದದ್ದೇ ಅವಳ ಅನುಮಾನವನ್ನು ಹೆಚ್ಚಿಸಿತ್ತು. ಕುಡುಕನಿಗೆ ಬಚ್ಚಿಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಗೆ ಬಂದಾಗ ಅವನು ಹೊಸಿಲ ಮೇಲೆ ನಿಂತು ಚಪ್ಪಲಿಯನ್ನು ಕೈಗೆ ಹಾಕಿಕೊಳ್ಳಲು ನೋಡುತ್ತಿದ್ದ.

"ಎಲ್ಲಿಗ್ರೀ?"

"ಟೈಮಾಯ್ತು. ಬಸ್ಸು ತೆಗೀಬೇಕು. ಬುಡೇ ದಾರಿ."

"ನಾಚ್ಕೆ ಆಗಲ್ವಾ ನಿಮ್ಗೆ? ಬಸ್ ತುಂಬ ಜನ ಸಾಯ್ತಿದ್ರಂತೆ! ಮಗಳ ತಲೆ ಮುಟ್ಟಿದ ಕೈ ಅಲ್ವೇನ್ರೀ ಅದು!"

ಅವನು ಅವಳನ್ನು ತಳ್ಳಿದ. ಅವಳು ಬಾಗಿಲ ಚೌಕಟ್ಟಿಗೆ ತಲೆ ಬಡಿದುಕೊಂಡು ಕೂತಳು. ಹಿಂದೆ ಕುಡಿದು ಬಿದ್ದಾಗಲೂ ಅವನು ಅವಳ ಮೇಲೆ ಕೈ ಮಾಡಿದವನಲ್ಲ. ಅವಳಿಗೆ ಮೊದಲ ಸಲ ಭಯವಾಯಿತು. ಬೈರಪ್ಪನೂ ಅವಳೂ ಸೇರಿ ಅವನನ್ನು ಒಳಕೋಣೆಗೆ ನೂಕಿದರು. ನಿದ್ದೆ ಬರಲೆಂದು ಅವನೇ ಯಾರ ಕೈಲೋ ತರಿಸಿಕೊಂಡಿದ್ದ ಮಾತ್ರೆಯ ಪಟ್ಟಿ ತಲೆದಿಂಬಿನ ಕೆಳಗಿತ್ತು. ಬೈರಪ್ಪ ಹೋದ ಮೇಲೆ ಅವಳು ಅದರಲ್ಲಿ ಎರಡು ಮಾತ್ರೆ ಕಿತ್ತು ಮಜ್ಜಿಗೆಯಲ್ಲಿ ಕುಡಿಸಿದಳು. ಉಳಿದ ಪಟ್ಟಿಯನ್ನು ಅವನಿಗೆ ಸಿಗಬಾರದೆಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಹೊರಗಿನಿಂದ ಚಿಲಕ ಹಾಕಿ, ಇಳಿಯಲಿ ಅಂದುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಮೊದಮೊದಲು ಒಳಗಿನಿಂದ ಬಾಗಿಲು ಬಡಿಯುವ ಸದ್ದು ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಮಗಳು ಬಿಂದುಶ್ರೀ ಮಧುಗಿರಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದವಳು. ಅವತ್ತು ಲ್ಯಾಬು ಇದ್ದದ್ದರಿಂದ ಬೇಗ ಹೋಗಿದ್ದಳು. ಕಾಲೇಜಿಗೆ ತಡವಾಗಿ ಬಂದ ಹುಡುಗಿಯರು, "ನಿಮ್ಮಪ್ಪ ನಮ್ಮನ್ನ ಸಾಯಿಸ್ತಿದ್ರು ಕಣೇ" ಅಂದಿದ್ದರು. ಅವಳು ಎರಡೂವರೆಗೆ ಮನೆ ಸೇರಿದಾಗ ಅಮ್ಮ ಅದೇ ಜಾಗದಲ್ಲಿ ಕೂತಿದ್ದಳು.

"ಚಿಲಕ ಯಾಕಮ್ಮ ಹಾಕಿದೀಯ?"

"ಇಳೀಲಿ ಅಂತ."

"ಮಿಷನ್ ಸೊನ್ನೆ ತೋರಿಸ್ತಂತೆ."

"ಮಿಷನ್ನಿಗೇನು ಗೊತ್ತು ನಿಮ್ಮಪ್ಪ? ನಂಗೊತ್ತು."

ಬಿಂದು ಅವಳನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದಳು. ರಂಗೇಶ್ ಚಾಪೆಯ ಮೇಲೆ ಒಂದು ಕಡೆಗೆ ವಾಲಿಕೊಂಡು ಬಿದ್ದಿದ್ದ. ಕರೆದಳು. ಅಲ್ಲಾಡಿಸಿದಳು. ಎದೆಯ ಮೂಳೆಯ ಮೇಲೆ ಮುಷ್ಟಿಯಿಂದ ಉಜ್ಜಿದಾಗ ಕಣ್ಣು ಅರ್ಧ ತೆರೆದ. "ಪುಟ್ಟಿ, ನೀರು" ಅಂದ. ಪುಟ್ಟಿ ಅವನ ತಂಗಿ. ಸತ್ತು ಹದಿನೆಂಟು ವರ್ಷವಾಗಿತ್ತು.

ಬಿಂದು ಲೋಟ ಕೊಟ್ಟಳು. ಅವನು ಹಿಡಿಯಲು ಕೈ ಚಾಚಿದ. ಮಣಿಕಟ್ಟು ಎತ್ತಿದ, ಬಿತ್ತು. ಎತ್ತಿದ, ಬಿತ್ತು. ಗಾಯಗೊಂಡ ಹಕ್ಕಿ ರೆಕ್ಕೆ ಬಡಿದಂತೆ ಎರಡೂ ಕೈ ಒಂದೇ ಸಮನೆ ಕುಸಿಯುತ್ತಿದ್ದವು. ಲೋಟ ಉರುಳಿತು. ಅವಳು ಬಗ್ಗಿ ಅವನ ಬಾಯಿ ಮೂಸಿದಳು. ಸಾರಾಯಿಯ ವಾಸನೆಯಲ್ಲ. ಮುಗ್ಗಲು ಹಿಡಿದ ಸಿಹಿ, ಡಬ್ಬದಲ್ಲಿಟ್ಟು ಮರೆತ ಹಣ್ಣಿನಂತೆ.

"ಅಮ್ಮ, ಇದು ಕುಡಿದದ್ದಲ್ಲ. ಆಸ್ಪತ್ರೆಗೆ ಹೋಗೋಣ."

ಗಂಗಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದಳು. ಗಂಡನ ಕಣ್ಣು ಮತ್ತೆ ಮುಚ್ಚಿಕೊಂಡದ್ದನ್ನು ನೋಡಿದಳು. ಸೆರಗಿನ ತುದಿ ಅವಳ ಕೈಯೊಳಗೆ ಬಿಗಿಯಾಯಿತು. ಮಾತ್ರೆಯ ವಿಷಯ ನಾಲಿಗೆಯವರೆಗೆ ಬಂತು, ಹೊರಗೆ ಬರಲಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದರು. ಗಾಡಿ ಪಾವಗಡದ ಕಡೆ ಹೋಗಿದೆ, ಮುಕ್ಕಾಲು ಗಂಟೆ ಆಗಬಹುದು ಅಂದರು. ಊರಲ್ಲಿದ್ದ ಒಂದು ಆಟೋದವನು ಊಟಕ್ಕೆ ಹೋಗಿದ್ದ. ಮೂರೂ ಹತ್ತಕ್ಕೆ ಶಿರಾ ಕಡೆಯಿಂದ ಅದೇ ಬಸ್ಸು ವಾಪಸು ಬರುತ್ತದೆ ಎಂಬುದು ತಾಯಿಗೂ ಮಗಳಿಗೂ ಒಟ್ಟಿಗೇ ಹೊಳೆಯಿತು. ಪಕ್ಕದ ಮನೆಯ ಇಬ್ಬರು ಗಂಡಸರು ರಂಗೇಶನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಸ್ಟಾಪಿಗೆ ತಂದರು. ಅವನ ತಲೆ ಎದೆಯ ಮೇಲೆ ಬಿದ್ದಿತ್ತು. ಬೀದಿಯವರು ಹೊರಗೆ ಬಂದು ನೋಡಿದರು. ಎಲ್ಲರಿಗೂ ಗೊತ್ತಿದೆ ಅನ್ನುವ ಹಾಗೆ ನಿಂತಿದ್ದರು.

ಬಸ್ಸು ಬಂತು. ಬೈರಪ್ಪ ಮೆಟ್ಟಿಲ ಮೇಲೆ ನಿಂತಿದ್ದವನು ಕುರ್ಚಿ ನೋಡಿ ಕೆಳಗೆ ಹಾರಿದ.

"ಏನಮ್ಮ ಇದು?"

"ಬೈರಣ್ಣ, ಎಚ್ಚರ ಆಗ್ತಿಲ್ಲ. ಮಧುಗಿರಿ ಆಸ್ಪತ್ರೆಗೆ ಬಿಡು."

ಒಳಗಿದ್ದವರಲ್ಲಿ ಗೊಣಗಾಟ ಶುರುವಾಯಿತು. ಬೆಳಗಿನ ಸುದ್ದಿ ಶಿರಾದವರೆಗೂ ಹೋಗಿತ್ತು. "ಕುಡುಕ್ರುನ್ನೆಲ್ಲ ಹತ್ತಿಸ್ಕೊಂತೀರೇನ್ರೀ?" ಅಂದ ಒಬ್ಬ. "ವಾಂತಿ ಗೀಂತಿ ಮಾಡಿದ್ರೆ ಯಾರು ತೊಳ್ಯೋರು?" ಅಂದ ಇನ್ನೊಬ್ಬ. ಹಿಂದಿನ ಉದ್ದ ಸೀಟಿನಲ್ಲಿ ಕೂತಿದ್ದವರು ಎದ್ದೇಳಲಿಲ್ಲ.

ಆಗ ಬಾಗಿಲ ಹತ್ತಿರ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದಳು. ಮಾರಕ್ಕ ಅಂತ ಹೆಸರು. ಅವಳ ಗಂಡ ಒಂದು ಕಾಲಕ್ಕೆ ಹೆಂಡದಂಗಡಿ ನಡೆಸಿದವನೆಂದು ಆ ದಾರಿಯ ಜನಕ್ಕೆಲ್ಲ ಗೊತ್ತು. ಕುರ್ಚಿಯ ಮೇಲೆ ಬಗ್ಗಿ ರಂಗೇಶನ ಬಾಯಿಯ ಹತ್ತಿರ ಮೂಗಿಟ್ಟಳು. ಒಮ್ಮೆ ಮೂಸಿ, ಇನ್ನೊಮ್ಮೆ ಮೂಸಿದಳು.

"ಮೂವತ್ತು ವರ್ಷ ಹೆಂಡದ ನಾತ ಕುಡ್ಕೊಂಡು ಸಂಸಾರ ಮಾಡೀನಿ" ಅಂದಳು. "ಇದು ಅದಲ್ಲ ಕಣ್ರಲಾ. ಇದು ಸಾವಿನ ವಾಸ್ನೆ. ಎದ್ದೇಳ್ರೋ ಸೀಟ್ ಬುಟ್ಟು!"

ಅವರು ಎದ್ದರು. ರಂಗೇಶನನ್ನು ಉದ್ದ ಸೀಟಿನ ಮೇಲೆ ಒರಗಿಸಿ ಮಲಗಿಸಿದರು. ಬಿಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕುಮಾರಸ್ವಾಮಿ ಗೇರು ಹಾಕಿದ. ಬೈರಪ್ಪ ಬಾಗಿಲು ಎಳೆದುಕೊಂಡು, "ಇನ್ನು ಮಧುಗಿರಿವರ್ಗೂ ಎಲ್ಲೂ ಸ್ಟಾಪಿಲ್ಲ. ಮಧ್ಯ ಇಳ್ಯೋರು ಮನಸ್ನಾಗೆ ಬೈಕಳಿ" ಅಂದ. ಕೈ ಅಡ್ಡ ಹಾಕಿದ ಪ್ರತಿ ಸ್ಟಾಪಿನಲ್ಲೂ ಬಸ್ಸು ಹಾರನ್ ಹೊಡೆದುಕೊಂಡು ಹಾದುಹೋಯಿತು. ಇಳಿಯಬೇಕಾದವರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ. ಗಂಗಲಕ್ಷ್ಮಮ್ಮ ಕಂಬಿ ಹಿಡಿದು ನಿಂತೇ ಇದ್ದಳು. ಗಂಡನ ಉಸಿರಿಗೆ ಹೊಟ್ಟೆ ಏರುವುದನ್ನೇ ನೋಡುತ್ತಿದ್ದಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತಡವಾದಾಗಲೆಲ್ಲ ಅವಳ ಉಸಿರೂ ಅಲ್ಲೇ ನಿಲ್ಲುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಸನ್ನಕುಮಾರ್ ಇದ್ದರು. ಐವತ್ತರ ಆಸುಪಾಸಿನ ಮನುಷ್ಯ. ಆತುರ ತೋರಿಸದೆ ಬೇಗ ಕೆಲಸ ಮಾಡುವವರು. ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಕಣ್ಣಿನ ರೆಪ್ಪೆ ಎಳೆದರು. ಬಿಳಿಯ ಭಾಗ ತೆಳು ಹಳದಿಯಾಗಿತ್ತು. ಹೊಟ್ಟೆ ತಟ್ಟಿ ನೋಡಿದರು. ನರ್ಸ್ ಜ್ಯೋತಿಲಕ್ಷ್ಮಿ ರಕ್ತ ತೆಗೆದುಕೊಂಡಳು.

"ಕುಡೀತಾರಾ?"

"ಏಳು ವರ್ಷ ಆಯ್ತು ಸಾರ್ ಬಿಟ್ಟು" ಅಂದಳು ಬಿಂದು.

ಡಾಕ್ಟರು ತಾಯಿಯ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಹೊಟ್ಟೆ ಯಾವಾಗ ಖಾಲಿಯಾಯ್ತು? ಸಂಡಾಸು?"

"ನಾಲ್ಕು ದಿನದಿಂದ ಹೊಟ್ಟೆ ಬಿಗೀತೈತೆ ಅಂತಿದ್ರು" ಅಂದಳು ಗಂಗಲಕ್ಷ್ಮಮ್ಮ, ದನಿ ತಗ್ಗಿಸಿ.

"ಬೇರೆ ಏನಾದ್ರೂ ಮಾತ್ರೆ? ನಿದ್ದೆ ಮಾತ್ರೆ, ನೋವಿನ ಮಾತ್ರೆ?"

"ಇಲ್ಲ ಸಾರ್" ಅಂದಳು ಬಿಂದು. ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರು ಚೀಟಿಯ ಮೇಲೆ ಬರೆಯತೊಡಗಿದರು. ಗಂಗಲಕ್ಷ್ಮಮ್ಮ ಬರೆಯುವ ಕೈಯನ್ನೇ ನೋಡಿದಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಮಗಳ ಎದುರು, ಬಾಗಿಲಲ್ಲಿ ನಿಂತ ಬೈರಪ್ಪನ ಎದುರು, ಗಂಡನನ್ನು ಈ ಸ್ಥಿತಿಗೆ ತಂದವಳು ತಾನಾಗುತ್ತಾಳೆ. ಸೆರಗಿನ ಗಂಟನ್ನು ಬಿಚ್ಚಲು ಹೋದಳು. ಅದು ಬಿಗಿದುಕೊಂಡಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು. ಮಾತ್ರೆಯ ಪಟ್ಟಿ ಮೇಜಿನ ಮೇಲೆ ಬಿತ್ತು.

"ನಾನ್ ಕೊಟ್ಟೆ" ಅಂದಳು. "ಎರಡು. ಹನ್ನೆರಡು ಗಂಟೆ ಮೇಲೆ. ಗಲಾಟೆ ಮಾಡ್ತಿದ್ರು ಅಂತ. ಕೊಟ್ಟು ಚಿಲಕ ಹಾಕ್ದೆ."

ಬಿಂದು ತಾಯಿಯ ಮುಖವನ್ನೇ ನೋಡಿದಳು. ಡಾಕ್ಟರು ಪಟ್ಟಿಯನ್ನು ತಿರುಗಿಸಿ ಹೆಸರು ಓದಿದರು. ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಅಂದರು. "ಇಲ್ಲದಿದ್ರೆ ಈ ಮಂಪರು ಎಲ್ಲಿಂದ ಬಂತು ಅಂತ ಹುಡುಕೋದ್ರಲ್ಲೇ ಹೊತ್ತು ಹೋಗ್ತಿತ್ತು."

ಮೂಗಿನಿಂದ ನಳಿಗೆ ಇಳಿಸಿದರು. ಅದರಲ್ಲಿ ಹೊಟ್ಟೆ ಸಡಿಲಿಸುವ ಅಂಟಂಟಾದ ಒಂದು ಸಿರಪ್ಪನ್ನು ಬಿಟ್ಟರು. ಹಿಂದಿನಿಂದ ಎನಿಮಾ ಕೊಟ್ಟರು. ಕೈಗೆ ಡ್ರಿಪ್ಪು ಹಾಕಿದರು. ಅದೆಲ್ಲ ಮುಗಿಯುವ ಹೊತ್ತಿಗೆ ನಾಲ್ಕೂವರೆ. ಡಾಕ್ಟರು ಅವರಿಬ್ಬರನ್ನೂ ಹೊರಗಿನ ಬೆಂಚಿನ ಹತ್ತಿರ ಕರೆದರು.

"ಎಂಟು ಗಂಟೆವರೆಗೆ ನೋಡ್ತೀನಿ. ಅಷ್ಟರಲ್ಲಿ ಸುಧಾರಿಸದೆ ಇದ್ರೆ, ಉಸಿರು ಕೆಟ್ರೆ, ತುಮಕೂರಿಗೆ ಕಳಿಸ್ಬೇಕಾಗುತ್ತೆ. ಅಲ್ಲಿ ತಲೆ ಸ್ಕ್ಯಾನು ಮಾಡಿ, ಐಸಿಯು ಬೇಕಾದ್ರೆ ಹಾಕ್ತಾರೆ. ಆಂಬುಲೆನ್ಸ್ ರೆಡಿ ಇಟ್ಟಿರ್ತೀನಿ."

"ಅವ್ರಿಗೆ ಏನಾಗೈತೆ ಸ್ವಾಮಿ? ತಲೆ ಕೆಟ್ಟಿದೆಯಾ?" ಅಂದಳು ಗಂಗಲಕ್ಷ್ಮಮ್ಮ.

"ತಲೆ ಕೆಟ್ಟಿಲ್ಲ. ಕೆಟ್ಟಿರೋದು ಲಿವರು. ಹಿಂದೆ ಕುಡಿದಿದ್ರಲ್ಲ, ಆಗಲೇ ಅದು ಗಟ್ಟಿಯಾಗಿದೆ. ಬಿಟ್ಟದ್ದರಿಂದ ಇಷ್ಟು ದಿನ ತಳ್ಳಿಕೊಂಡು ಬಂತು." ಅವರು ಬೆಂಚಿನ ತುದಿಯಲ್ಲಿ ಕೂತರು. "ನಾವು ತಿಂದದ್ದು ಕರುಳಲ್ಲಿ ಕೊಳೆತಾಗ ಅಮೋನಿಯಾ ಅಂತ ಒಂದು ವಿಷ ಹುಟ್ಟುತ್ತೆ. ಅದನ್ನ ತೆಗೆಯೋದು ಲಿವರಿನ ಕೆಲಸ. ಇವರ ಲಿವರಿಗೆ ಆ ಶಕ್ತಿ ಇಲ್ಲ. ನಾಲ್ಕು ದಿನ ಹೊಟ್ಟೆ ಕಟ್ಟಿತು, ವಿಷ ರಕ್ತದಲ್ಲಿ ಮಿದುಳಿಗೆ ಹೋಯ್ತು."

"ಅಲ್ಲಿ ಹೋಗಿ ಏನ್ ಮಾಡುತ್ತೆ?"

"ಮಿದುಳಲ್ಲಿ ನರಕೋಶಗಳಿವೆ. ಒಂದಕ್ಕೊಂದು ಅಂಟಿಕೊಂಡಿಲ್ಲ, ನಡುವೆ ಒಂದು ಸಣ್ಣ ಸಂದು. ಒಂದು ಕೋಶ ಏನಾದ್ರೂ ಹೇಳ್ಬೇಕಾದ್ರೆ ಆ ಸಂದಿನೊಳಕ್ಕೆ ಒಂದು ರಾಸಾಯನಿಕ ಚೆಲ್ಲುತ್ತೆ. ಎದುರಿನದಕ್ಕೆ ಅದು ಮುಟ್ಟಿತು ಅಂದ್ರೆ ಮಾತು ಮುಟ್ಟಿತು. ಆದ್ರೆ ಮುಟ್ಟಿದ ತಕ್ಷಣ ಆ ಚೆಲ್ಲಿದ್ದನ್ನ ತೆಗೀಬೇಕು. ಇಲ್ದಿದ್ರೆ ಹಿಂದಿನ ಮಾತಿನ ಮೇಲೇ ಮುಂದಿನ ಮಾತು ಬೀಳುತ್ತೆ. ಯಾವುದು ಈಗಿಂದು, ಯಾವುದು ಆಗಿಂದು ಅಂತ ಗೊತ್ತಾಗಲ್ಲ."

"ಸಿನಾಪ್ಸ್" ಅಂದಳು ಬಿಂದು, ಮೆಲ್ಲಗೆ. "ಅದನ್ನ ತೆಗೆಯೋದು ಗ್ಲಿಯಾ ಕೋಶಗಳು ಅಲ್ವಾ ಸಾರ್? ಪಾಠದಲ್ಲಿ ಎರಡು ಸಾಲಿತ್ತು. ಆಧಾರ ಕೋಶಗಳು ಅಂತ."

"ಎರಡೇ ಸಾಲಾ?" ಡಾಕ್ಟರು ಸ್ವಲ್ಪ ನಕ್ಕರು. "ಅವೇ. ನಕ್ಷತ್ರದ ಹಾಗೆ ಕೈ ಚಾಚಿಕೊಂಡು ಸಂದಿನ ಸುತ್ತ ಕೂತಿರ್ತವೆ. ತಾವು ಮಾತಾಡುವವರ ಪೈಕಿ ಅಲ್ಲ. ಚೆಲ್ಲಿದ್ದನ್ನ ಹೀರಿಕೊಳ್ಳೋದು, ಒಳಗೆ ಅದನ್ನ ನಿರಪಾಯದ ವಸ್ತುವಾಗಿ ಬದಲಾಯಿಸೋದು, ನರಕೋಶಕ್ಕೆ ವಾಪಸ್ ಕೊಡೋದು. ಹಗಲೂ ರಾತ್ರಿ ಅದೇ ಕೆಲಸ. ಈ ಅಮೋನಿಯಾ ಬಂದಾಗ ಅದನ್ನೂ ಅವೇ ನುಂಗ್ತವೆ, ನರಕೋಶಕ್ಕೆ ತಾಗದಿರಲಿ ಅಂತ. ನುಂಗಿ ನುಂಗಿ, ನೀರು ತುಂಬಿ ಊದಿಕೊಳ್ತವೆ. ಊದಿಕೊಂಡ ಮೇಲೆ ಸಂದು ತೆರವು ಮಾಡೋ ಕೆಲಸ ಕೆಡುತ್ತೆ. ಇನ್ನೂ ಬೇರೆ ಕಾರಣಗಳೂ ಸೇರ್ಕೊಳ್ತವೆ. ಆದ್ರೆ ದೊಡ್ಡ ಏಟು ಬೀಳೋದು ಆ ಕೋಶಗಳಿಗೇ."

ಗಂಗಲಕ್ಷ್ಮಮ್ಮ, "ನಮ್ ಶಾಲೇಲಿ ಒಂದ್ ಪಂಕ್ತಿ ಉಂಡೆದ್ದ ಮೇಲೆ ತಟ್ಟೆ ತೊಳೀದೆ ಇನ್ನೊಂದ್ ಪಂಕ್ತಿಗೆ ಬಡ್ಸಿದಂಗೆ" ಅಂದಳು. "ತೊಳ್ಯೋರಿಗೇ ಕಾಯಿಲೆ ಬಿದ್ದಂಗೆ."

"ಹಾಗೇ ಕಣಮ್ಮ."

"ಅಂಗಾರೆ ಅವ್ರು ಬೆಳಿಗ್ಗೆ ನನ್ನ ತಳ್ಳಿದ್ದು..."

"ಅವರು ತಳ್ಳಿದ್ದಲ್ಲ. ತಳ್ಳಿದ್ದು ಅವರಿಗೆ ಗೊತ್ತೂ ಇರಲ್ಲ."

"ನನ್ ಮಾತ್ರೆ?"

ಡಾಕ್ಟರು ಮರೆಮಾಚಲಿಲ್ಲ. "ಅದು ಮಂಪರನ್ನ ಆಳ ಮಾಡ್ತು. ಈ ಕಾಯಿಲೆಯವರಿಗೆ ಅಂಥ ಮಾತ್ರೆ ಕೊಡಬಾರದು. ನಿಮಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಗೊತ್ತಿರಲಿ." ಎದ್ದು ಒಳಗೆ ಹೋದರು.

ತಾಯಿ, ಮಗಳು ಬೆಂಚಿನ ಎರಡು ತುದಿಯಲ್ಲಿ ಕೂತರು. ಐದಾಯಿತು, ಐದೂವರೆಯಾಯಿತು. ಕಿಟಕಿಯಾಚೆ ಮಧುಗಿರಿ ಬೆಟ್ಟದ ಬಂಡೆ ಬಿಸಿಲಿನಲ್ಲಿ ಕೆಂಪಾಗಿ, ಆಮೇಲೆ ಬೂದುಬಣ್ಣಕ್ಕೆ ತಿರುಗಿತು. ಬೈರಪ್ಪ ಟ್ರಿಪ್ಪು ಮುಗಿಸಿ ಮತ್ತೆ ಬಂದು ಟೀ ಕೊಡಿಸಿದ. ಇಬ್ಬರೂ ಕುಡಿಯಲಿಲ್ಲ. ಆರಕ್ಕೆ ನರ್ಸು ಹೊರಗೆ ಬಂದು ಬಿಪಿ ಸರಿಯಿದೆ, ಎಚ್ಚರ ಮಾತ್ರ ಇಲ್ಲ ಅಂದಳು. ಆರೂ ನಲವತ್ತಕ್ಕೆ ಒಳಗೆ ಏನೋ ಓಡಾಟ ಕೇಳಿತು. ಗಂಗಲಕ್ಷ್ಮಮ್ಮ ಎದ್ದು ಬಾಗಿಲ ಮುಂದೆ ನಿಂತಳು. ಹೋದರು ಅಂತಲೇ ಅಂದುಕೊಂಡಳು.

ಜ್ಯೋತಿಲಕ್ಷ್ಮಿ ಬಾಗಿಲು ತೆರೆದಳು. "ಬನ್ನಿ ಅಮ್ಮ, ಬಟ್ಟೆ ಬದಲಾಯಿಸ್ಬೇಕು. ಹೊಟ್ಟೆ ಹೋಯ್ತು. ಚೆನ್ನಾಗಿ ಹೋಯ್ತು."

ಇಂಥ ಸುದ್ದಿಗೆ ಕೈ ಮುಗಿದವಳು ಆ ಆಸ್ಪತ್ರೆಯಲ್ಲಿ ಅವಳೊಬ್ಬಳೇ ಇರಬೇಕು. ಒಳಗೆ ಹೋಗಿ ಗಂಡನ ಸೊಂಟ ಎತ್ತಿ ಹಿಡಿದು, ಒರೆಸಿ, ಬಟ್ಟೆ ಬದಲಾಯಿಸಿದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಏಳಕ್ಕೆ ಇನ್ನೊಂದು ಸಲ, ಏಳೂವರೆಗೆ ಮತ್ತೊಂದು ಸಲ. ಎಂಟಕ್ಕೆ ಐದು ನಿಮಿಷವಿದ್ದಾಗ ಡಾಕ್ಟರು ಬಂದು ರಂಗೇಶನ ಉಗುರನ್ನು ಪೆನ್ನಿನಿಂದ ಒತ್ತಿದರು. ಅವನು ಕೈ ಎಳೆದುಕೊಂಡ. "ಹೆಸರೇನು?" ಅಂತ ಕಿವಿಯ ಹತ್ತಿರ ಕೂಗಿದರು.

ತುಂಬ ಹೊತ್ತಿನ ಮೇಲೆ, ಬಾವಿಯ ತಳದಿಂದ ಬಂದ ಹಾಗೆ, "ರಂಗೇಸ" ಅಂದ.

ಡಾಕ್ಟರು ಗಡಿಯಾರ ನೋಡಿ, "ತುಮಕೂರು ಬೇಡ" ಅಂದರು. ಬಿಂದು ಆಗ ಬೆಂಚಿನ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಗಂಗಲಕ್ಷ್ಮಮ್ಮ ಅವಳ ಹತ್ತಿರ ಹೋದಳು. ಮುಟ್ಟಲು ಧೈರ್ಯವಾಗದೆ ಪಕ್ಕದಲ್ಲಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಬಿಂದುವೇ ತಾಯಿಯ ಸೊಂಟಕ್ಕೆ ಮುಖವಿಟ್ಟಳು.

ಮಾರನೆಯ ಬೆಳಿಗ್ಗೆ ರಂಗೇಶ್ ಎದ್ದು ಕೂತಿದ್ದ. ಹಿಂದಿನ ದಿನದ್ದು ಒಂದೂ ನೆನಪಿರಲಿಲ್ಲ. ಶಿರಾ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದದ್ದು ನೆನಪಿತ್ತು, ಆಮೇಲೆ ಈ ಮಂಚ. ಗಂಗಲಕ್ಷ್ಮಮ್ಮ ಇಡ್ಲಿ ಮುರಿದು ಕೊಡುತ್ತಾ ಎಲ್ಲವನ್ನೂ ಹೇಳಿದಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಅಂತ. ಕುಡಿದಿದ್ದೀರಿ ಅಂದುಕೊಂಡೆ ಅಂದಳು. ಮಾತ್ರೆ ಕೊಟ್ಟೆ ಅಂದಳು. ಚಿಲಕ ಹಾಕಿದೆ ಅಂದಳು.

ಅವನು ಇಡ್ಲಿಯನ್ನು ಎಲೆಯ ಮೇಲೆ ಇಟ್ಟ.

"ಏಳು ವರ್ಷ ಕಣೇ" ಅಂದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

ನಾಲ್ಕು ದಿನ ಅವಳೊಂದಿಗೆ ಮಾತಾಡಲಿಲ್ಲ. ಮಗಳ ಜೊತೆ, ನರ್ಸಿನ ಜೊತೆ, ಪಕ್ಕದ ಮಂಚದವನ ಜೊತೆ ಮಾತಾಡಿದ. ಅವಳು ಬಂದರೆ ಕಣ್ಣು ಮುಚ್ಚಿದ. ಅವಳೂ ಒತ್ತಾಯಿಸಲಿಲ್ಲ. ಹೊತ್ತು ಹೊತ್ತಿಗೆ ಸಿರಪ್ಪು ಅಳೆದು ಕೊಟ್ಟಳು, ಎಷ್ಟು ಸಲ ಹೊಟ್ಟೆ ಹೋಯಿತೆಂದು ನರ್ಸಿಗೆ ಹೇಳಿದಳು. ಡಾಕ್ಟರು ಬಿಡುಗಡೆಯ ಹಿಂದಿನ ದಿನ ಅವನಿಗೆ ವಿವರವಾಗಿ ಹೇಳಿದರು. ಲಿವರು ಮೊದಲಿನಂತಾಗುವುದಿಲ್ಲ, ಆದರೆ ಔಷಧಿ ತಪ್ಪಿಸದಿದ್ದರೆ ವರ್ಷಗಟ್ಟಲೆ ಚೆನ್ನಾಗಿರಬಹುದು. ಬಸ್ಸು ಮಾತ್ರ ಓಡಿಸುವ ಹಾಗಿಲ್ಲ. "ಇನ್ನೊಂದು ಸಲ ಹೀಗೆ ಶುರುವಾದ್ರೆ ನಿಮಗೆ ಗೊತ್ತಾಗಲ್ಲ. ಪಕ್ಕದಲ್ಲಿದ್ದವರಿಗೆ ಗೊತ್ತಾಗ್ಬೇಕು" ಅಂದರು.

ಅವತ್ತು ಮಧ್ಯಾಹ್ನ ಶಂಕರಲಿಂಗಪ್ಪ ನೋಡಲು ಬಂದರು. ಸೇಬಿನ ಕವರನ್ನು ಮಂಚದ ಮೇಲಿಟ್ಟು, "ವಿಚಾರ ಮಾಡ್ದೆ ಕೀ ಕಿತ್ಕೊಂಡೆ ಕಣಯ್ಯ, ತಪ್ಪಾಯ್ತು. ಹುಷಾರಾಗಿ ಬಾ, ಸೀಟು ನಿಂದೇ" ಅಂದರು. ರಂಗೇಶ್ ಹಿಂದೆ ನಿಂತಿದ್ದ ಬೈರಪ್ಪನನ್ನು ಕೇಳಿದ:

"ಎಷ್ಟು ಜನ ಇದ್ರು ಅವತ್ತು ಬಸ್ನಾಗೆ?"

"ಬುಡು ಅದ್ನ."

"ಎಷ್ಟ್ ಜನ ಕಣ್ಲಾ?"

"ಐವತ್ತೆಂಟು. ಅದ್ರಾಗೆ ಮೂವತ್ತು ಹೆಣ್ಮಕ್ಳು, ಕಾಲೇಜಿನವು."

ರಂಗೇಶ್ ತನ್ನ ಎರಡೂ ಅಂಗೈಯನ್ನು ಮುಂದೆ ಚಾಚಿ ನೋಡಿಕೊಂಡ. ಈಗ ಅವು ಅಲುಗುತ್ತಿರಲಿಲ್ಲ. "ಧಣಿ, ಸೀಟು ಬೇಡ" ಅಂದ. "ಇನ್ ಮುಟ್ಟಲ್ಲ ನಾನು ಸ್ಟೀರಿಂಗ್."

ಅವರೆಲ್ಲ ಹೋದ ಮೇಲೆ ಮಂಚದ ಹತ್ತಿರ ಗಂಡ ಹೆಂಡತಿ ಇಬ್ಬರೇ ಉಳಿದರು. ಅವನು ಅವಳ ಕಡೆ ನೋಡದೆ ಮಾತು ಶುರು ಮಾಡಿದ.

"ನೀನು ನನ್ನ ನಂಬ್ಲಿಲ್ಲ. ಅದು ನಂಗೆ ಮರ್ತೋಗಲ್ಲ ಗಂಗಾ."

"ಮರೀಬೇಡಿ" ಅಂದಳು.

"ಆದ್ರೆ ಏಳು ವರ್ಷದ ಹಿಂದ್ಲುದೂ ನಿಂಗೆ ಮರ್ತೋಗಿರ್ಲಿಲ್ಲ. ಅದ್ಕೆ ಯಾರ್ ಹೊಣೆ? ಅದೂ ನಾನೇ." ಅವಳ ಕಡೆ ತಿರುಗಿದ. "ಈ ಡಾಕ್ಟ್ರು ಹೇಳ್ತಾರೆ, ನಂಗೆ ಗೊತ್ತಾಗಲ್ವಂತೆ, ಪಕ್ಕದೋರಿಗೆ ಗೊತ್ತಾಗ್ಬೇಕಂತೆ. ಇನ್ಮೇಲೆ ನಾನು ವಿಚಿತ್ರ ಆಡಿದ್ರೆ ಏನ್ ಮಾಡ್ತೀಯ?"

"ಆಸ್ಪತ್ರೆಗೆ ಕರ್ಕೊಂಡ್ ಬತ್ತೀನಿ."

"ಬೈಯಲ್ವಾ?"

"ಬೈತೀನಿ. ಬೈಕೊಂಡೇ ಕರ್ಕೊಂಡ್ ಬತ್ತೀನಿ."

ಅವನ ಮುಖದಲ್ಲಿ ನಗು ಅನ್ನುವಂಥದ್ದು ಏನೂ ಬರಲಿಲ್ಲ. ಆದರೆ ಗೋಡೆಯ ಕಡೆ ತಿರುಗಲೂ ಇಲ್ಲ.

ಎರಡು ತಿಂಗಳ ನಂತರ ಶಂಕರಲಿಂಗಪ್ಪ ಅವನಿಗೆ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಟ್ರಿಪ್ಪಿನ ಟೈಮು ನೋಡಿಕೊಳ್ಳುವ ಕೆಲಸ ಕೊಟ್ಟರು. ಮೊದಲ ದಿನ ಗಂಗಲಕ್ಷ್ಮಮ್ಮ ಶಾಲೆಗೆ ರಜೆ ಹಾಕಿ ಅವನ ಜೊತೆ ಹೊರಟಳು. ಬಸ್ಸು ಹತ್ತಿದವನು ಅಭ್ಯಾಸಬಲದಿಂದ ಮುಂದಕ್ಕೆ ಎರಡು ಹೆಜ್ಜೆ ಹೋಗಿ ನಿಂತ. ಡ್ರೈವರ್ ಸೀಟಿನಲ್ಲಿ ಕುಮಾರಸ್ವಾಮಿ ಇದ್ದ. ರಂಗೇಶ್ ಹಿಂದಕ್ಕೆ ಬಂದು ಕಿಟಕಿ ಪಕ್ಕ ಕೂತ, ಅವಳು ಅವನ ಪಕ್ಕ ಕೂತಳು. ಮಧುಗಿರಿ ದಾಟುವವರೆಗೂ ಅವನ ಬಲಗಾಲು ಪ್ರತಿ ತಿರುವಿನಲ್ಲೂ ಬ್ರೇಕು ತುಳಿಯುವಂತೆ ನೆಲವನ್ನು ಒತ್ತುತ್ತಿತ್ತು. ಅವಳು ನೋಡಿದರೂ ನೋಡದವಳ ಹಾಗೆ ಕೂತಿದ್ದಳು.